ತಾನೇ ತಿರುಗುವ ಚುಕ್ಕಾಣಿ

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ಎರಡು ದಿನ ಬಾಕಿ ಇದ್ದಾಗ ನಾನು ಮಲ್ಪೆ ಬಂದರಿನಲ್ಲಿದ್ದೆ. ಅರಬ್ಬಿ ಕಡಲಿನ ಹಡಗುಗಳಲ್ಲಿ ದುಡಿದವರ ಇತಿಹಾಸ ನನ್ನ ಪಿಎಚ್.ಡಿ. ವಿಷಯ. ದಾಖಲೆಗಳಲ್ಲಿ ಸಿಕ್ಕ ಹಳೆಯ ಪದಗಳಲ್ಲಿ ಯಾವುವು ಇಂದಿಗೂ ಬಾಯಿಮಾತಿನಲ್ಲಿ ಉಳಿದಿವೆ ಎಂದು ಕೇಳಿ ಬರೆದುಕೊಳ್ಳಲು ಹೋಗಿದ್ದೆ. ಬಣ್ಣ ಬಳಿಸಿಕೊಂಡು ಸಾಲಾಗಿ ನಿಂತ ಬೋಟುಗಳ ನಡುವೆ, ಬಲೆಯ ರಾಶಿಯ ಮೇಲೆ ಕೂತಿದ್ದ ಹಿರಿಯ ತಾಂಡೇಲರೊಬ್ಬರು ನನ್ನ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟರು. ಕೊನೆಗೆ ಅವರೇ ಒಂದು ಪ್ರಶ್ನೆ ಕೇಳಿದರು.

"ನಮ್ಮ ಧಣಿಗಳು ಬೋಟಿಗೆ ಆಟೋಪೈಲಟ್ ಹಾಕಿಸ್ತೇನೆ ಅಂತ ಹೇಳ್ತಾ ಇದ್ದಾರೆ. ನೀವು ಓದಿದವರು, ಹೇಳಿ ನೋಡುವ. ಚುಕ್ಕಾಣಿ ಅದೇ ತಿರುಗಿಸುದಾದ್ರೆ ರಾತ್ರಿ ನಾನು ಎಂತ ಮಾಡುದು?"

ಅವರು ತಮಾಷೆಗೆ ಕೇಳಿದ್ದಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. ಹಾಯಿಹಡಗುಗಳ ಕಾಲದಲ್ಲೇ ಮುಳುಗಿದ್ದ ನನಗೆ ತಾನೇ ತಿರುಗುವ ಚುಕ್ಕಾಣಿಯ ಕತೆ ತಿಳಿದಿರಲಿಲ್ಲ. ಆಮೇಲೆ ಹುಡುಕುತ್ತ ಹೋದೆ. ಸಿಕ್ಕಿದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತಿದ್ದೇನೆ.

*

ಮೊದಲು ಪದದಿಂದಲೇ ಆರಂಭಿಸೋಣ. ಚುಕ್ಕಾಣಿ ಎಂಬ ನಮ್ಮ ಪದದ ಮೂಲ ಅರಬ್ಬಿಯ 'ಸುಕ್ಕಾನ್'. ಮಲಯಾಳ ಮತ್ತು ತಮಿಳಿನಲ್ಲಿ ಚುಕ್ಕಾನ್, ಮರಾಠಿಯಲ್ಲಿ ಸುಕಾಣೂ. ಪಶ್ಚಿಮ ಕರಾವಳಿಯ ಉದ್ದಕ್ಕೂ ಈ ಪದ ಹಡಗಿನ ಜೊತೆಗೇ ಬಂದಿಳಿಯಿತು. ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಹಡಗಿನ ಸಿಬ್ಬಂದಿಯ ಪಟ್ಟಿ ಕೊಡುವಾಗ ನಾಖುದಾ, ಮುಅಲ್ಲಿಮ್, ತಂಡೇಲ್ ಇವರ ಜೊತೆ 'ಸುಕ್ಕಾನ್‌ಗೀರ್' ಎಂಬವನನ್ನೂ ಹೆಸರಿಸುತ್ತಾನೆ. ಅಂದರೆ ಚುಕ್ಕಾಣಿ ಹಿಡಿಯುವವನು. ಅದಕ್ಕೇ ಪ್ರತ್ಯೇಕ ಹುದ್ದೆ. ಬ್ರಿಟಿಷರ ಕಾಲದ ಹಡಗು ದಾಖಲೆಗಳಲ್ಲಿ ಇದೇ ಪದ 'ಸೀಕನ್ನಿ' ಎಂದು ಇಂಗ್ಲಿಷಿನ ವೇಷ ಹಾಕಿಕೊಂಡು ಬರುತ್ತದೆ. ಮಲ್ಪೆಯ ತಾಂಡೇಲರ ಹುದ್ದೆಯ ಹೆಸರು ಕೂಡ ಆ ಮೊಗಲ್ ಪಟ್ಟಿಯಲ್ಲಿರುವುದೇ.

ಯುರೋಪಿನಲ್ಲಿ ಈ ಪದಗಳ ಪ್ರಯಾಣ ಇನ್ನೂ ಸ್ವಾರಸ್ಯದ್ದು. ಚುಕ್ಕಾಣಿ ಹಿಡಿಯುವವನಿಗೆ ಗ್ರೀಕರು 'ಕುಬೆರ್ನೆತೆಸ್' ಎನ್ನುತ್ತಿದ್ದರು. ಅದು ಲ್ಯಾಟಿನ್ನಿನಲ್ಲಿ 'ಗುಬೆರ್ನಾತೋರ್' ಆಗಿ, ಇಂಗ್ಲಿಷಿನಲ್ಲಿ 'ಗವರ್ನರ್' ಆಯಿತು. 1948ರಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಯಂತ್ರ ಮತ್ತು ಜೀವಿಗಳ ನಿಯಂತ್ರಣವನ್ನು ಅಭ್ಯಸಿಸುವ ಹೊಸ ಶಾಸ್ತ್ರಕ್ಕೆ 'ಸೈಬರ್ನೆಟಿಕ್ಸ್' ಎಂದು ಹೆಸರಿಟ್ಟದ್ದೂ ಇದೇ ಗ್ರೀಕ್ ಪದದಿಂದ. ಇಂದು ನಾವು ಎಲ್ಲದಕ್ಕೂ ಅಂಟಿಸುವ 'ಸೈಬರ್' ಎಂಬ ತುಣುಕಿನ ಹಿಂದೆ ಒಬ್ಬ ಚುಕ್ಕಾಣಿಗಾರ ನಿಂತಿದ್ದಾನೆ. ನಾವು ಕೂಡ 'ರಾಜ್ಯದ ಚುಕ್ಕಾಣಿ ಹಿಡಿದವರು' ಎಂದು ದಿನವೂ ಬರೆಯುತ್ತೇವೆ. ಇಷ್ಟು ಗೌರವದ ಹೋಲಿಕೆಗೆ ಮೂಲವಾದ ಕೆಲಸ ಎಂಥದ್ದು ಎಂದು ಕೇಳಿದರೆ, ಅದು ಗಂಟೆಗಟ್ಟಲೆ ಒಂದೇ ಕಡೆ ನಿಂತು ತೋಳು ನೋಯಿಸಿಕೊಳ್ಳುವ ಕೆಲಸ. ಚಳಿ, ಮಳೆ, ನಿದ್ದೆ ಯಾವುದೂ ಕಾರಣವಲ್ಲ. ಒಬ್ಬನ ಪಾಳಿ ಮುಗಿದರೆ ಇನ್ನೊಬ್ಬ ಬರಬೇಕು. ಇನ್ನೊಬ್ಬ ಇಲ್ಲದಿದ್ದರೆ?

*

ಇನ್ನೊಬ್ಬ ಇಲ್ಲದೆ ಹೊರಟವನು ಜೋಶುವಾ ಸ್ಲೋಕಮ್. 1895ರ ಏಪ್ರಿಲ್ 24ರಂದು, ತನ್ನ ಐವತ್ತೊಂದನೆಯ ವಯಸ್ಸಿನಲ್ಲಿ, ಈ ಹಡಗು ಕಪ್ತಾನ ಅಮೆರಿಕದ ಬಾಸ್ಟನ್ನಿನಿಂದ ಒಬ್ಬನೇ ಹಾಯಿ ಬಿಚ್ಚಿದ. ಉಗಿಹಡಗುಗಳು ಬಂದು ಹಾಯಿಹಡಗಿನವರಿಗೆ ಕೆಲಸ ಇಲ್ಲದಂತಾಗಿದ್ದ ಕಾಲ ಅದು. ಯಾರೋ ಕೊಟ್ಟ, ಹೊಲದಲ್ಲಿ ಬಿದ್ದಿದ್ದ ಹಳೆಯ ದೋಣಿಯೊಂದನ್ನು ಹದಿಮೂರು ತಿಂಗಳು ದುಡಿದು ತಾನೇ ಹೊಸದಾಗಿ ಕಟ್ಟಿದ್ದ. ಹೆಸರು 'ಸ್ಪ್ರೇ', ಉದ್ದ ಸುಮಾರು 37 ಅಡಿ. ಮೂರು ವರ್ಷ ಎರಡು ತಿಂಗಳ ನಂತರ, 46,000 ಮೈಲಿ ದಾಟಿ ಹಿಂತಿರುಗಿದಾಗ ಭೂಮಿಯನ್ನು ಒಬ್ಬನೇ ಹಾಯಿದೋಣಿಯಲ್ಲಿ ಸುತ್ತಿದ ಮೊದಲಿಗನಾಗಿದ್ದ.

ಅವನು ನಿದ್ದೆ ಮಾಡಿದ್ದು ಹೇಗೆ? 'ಸ್ಪ್ರೇ'ಯಲ್ಲಿ ಯಂತ್ರವಿರಲಿಲ್ಲ. ಅದರ ತಳ ಉದ್ದವಾಗಿತ್ತು, ಹಾಯಿಗಳು ಹಿಂದೆ ಮುಂದೆ ಸಮತೂಕದಲ್ಲಿದ್ದವು. ಚುಕ್ಕಾಣಿಯ ಚಕ್ರವನ್ನು ಹಗ್ಗದಿಂದ ಕಟ್ಟಿಬಿಟ್ಟರೆ ದೋಣಿ ಗಾಳಿಗೆ ಒಂದೇ ಕೋನದಲ್ಲಿ ಸಾಗುತ್ತಿತ್ತು. ಮೂತಿ ಗಾಳಿಯ ಕಡೆಗೆ ತಿರುಗಿದರೆ ಹಾಯಿಗಳ ಮೇಲಿನ ಒತ್ತಡ ಬದಲಾಗಿ, ಅದೇ ಒತ್ತಡ ಮೂತಿಯನ್ನು ಮತ್ತೆ ಮೊದಲಿನ ಕಡೆಗೆ ತಳ್ಳುತ್ತಿತ್ತು. ತಪ್ಪೇ ತಪ್ಪನ್ನು ತಿದ್ದುವ ಏರ್ಪಾಡು. ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೋಕೋಸ್ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಯನ್ನು ಅವನು 23 ದಿನಗಳಲ್ಲಿ ದಾಟಿದ. ಅಷ್ಟು ದಿನಗಳಲ್ಲಿ ಚಕ್ರ ಹಿಡಿದದ್ದು ಮೂರು ಗಂಟೆಗಿಂತ ಕಡಿಮೆ ಎಂದು ಬರೆದುಕೊಂಡಿದ್ದಾನೆ.

ಅವನ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಅಜೋರ್ಸ್ ದ್ವೀಪಗಳಲ್ಲಿ ಜನ ಕೊಟ್ಟ ಹಣ್ಣು ಮತ್ತು ಬಿಳಿ ಚೀಸ್ ಅತಿಯಾಗಿ ತಿಂದು, ಹೊಟ್ಟೆನೋವಿನಿಂದ ಸ್ಲೋಕಮ್ ಕೆಳಗಿನ ಕೋಣೆಯಲ್ಲಿ ನೆಲಕ್ಕೆ ಬಿದ್ದ. ಹೊರಗೆ ಬಿರುಗಾಳಿ. ಎಚ್ಚರವಾಗಿ ತಲೆಯೆತ್ತಿ ನೋಡಿದರೆ ಚುಕ್ಕಾಣಿಯ ಬಳಿ ಉದ್ದನೆಯ ಅಪರಿಚಿತನೊಬ್ಬ ನಿಂತಿದ್ದಾನೆ. ತಾನು ಕೊಲಂಬಸನ 'ಪಿಂಟಾ' ಹಡಗಿನ ಚಾಲಕ, ನೀನು ಮಲಗು, ದೋಣಿಯನ್ನು ನಾನು ನಡೆಸುತ್ತೇನೆ ಎನ್ನುತ್ತಾನೆ. ಮರುದಿನ ಎದ್ದು ಲೆಕ್ಕ ಹಾಕಿದರೆ ದೋಣಿ ಹೊರಟ ದಿಕ್ಕಿನಲ್ಲೇ ರಾತ್ರಿಯಿಡೀ ಸುಮಾರು 90 ಮೈಲಿ ಸಾಗಿತ್ತು. ಜ್ವರದ ಕನವರಿಕೆ ಎನ್ನಿ. ಆದರೆ ನನಗೆ ಇದರಲ್ಲಿ ಕಾಣುವುದು ಬೇರೆ. ದೋಣಿ ತಾನೇ ಸಾಗುತ್ತದೆ ಎಂದು ಚೆನ್ನಾಗಿ ಗೊತ್ತಿದ್ದ ಮನುಷ್ಯನಿಗೂ, ಯಾರೂ ಇಲ್ಲದ ಚುಕ್ಕಾಣಿಯನ್ನು ಒಪ್ಪಿಕೊಳ್ಳಲು ಆಗಲಿಲ್ಲ. ಅಲ್ಲೊಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡ.

*

ದೊಡ್ಡ ಹಡಗುಗಳ ಸಮಸ್ಯೆ ಬೇರೆಯಾಗಿತ್ತು. ಅಲ್ಲಿ ಜನ ಇದ್ದರು, ಬಲ ಸಾಲುತ್ತಿರಲಿಲ್ಲ. ಬ್ರುನೆಲ್ ಕಟ್ಟಿದ 'ಗ್ರೇಟ್ ಈಸ್ಟರ್ನ್' 692 ಅಡಿ ಉದ್ದದ ದೈತ್ಯ. ಅದರ ಚುಕ್ಕಾಣಿಯನ್ನು ತಿರುಗಿಸುವುದು ಹಲವು ಆಳುಗಳ ಕೆಲಸ. 1866ರಲ್ಲಿ ಜಾನ್ ಮ್ಯಾಕ್‌ಫರ್ಲೇನ್ ಗ್ರೇ ಉಗಿಯಿಂದ ನಡೆಯುವ ಚುಕ್ಕಾಣಿ ಯಂತ್ರಕ್ಕೆ ಪೇಟೆಂಟ್ ಪಡೆದು ಆ ಹಡಗಿಗೇ ಅಳವಡಿಸಿದ. ಅದರ ಜಾಣತನ ಉಗಿಯ ಬಲದಲ್ಲಿರಲಿಲ್ಲ, ನಿಲ್ಲುವುದರಲ್ಲಿತ್ತು. ನಾವಿಕ ಪುಟ್ಟ ಚಕ್ರವನ್ನು ಎಷ್ಟು ತಿರುಗಿಸುತ್ತಾನೋ ಅಷ್ಟೇ ಚುಕ್ಕಾಣಿಯೂ ತಿರುಗಿ, ಅಲ್ಲಿಗೆ ಬಂದ ಕೂಡಲೇ ಯಂತ್ರ ತನ್ನ ಉಗಿಯನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಹೇಳಿದ್ದು ಆಯಿತೇ ಎಂದು ನೋಡಿಕೊಂಡು ನಿಲ್ಲುವ ಯಂತ್ರ.

ಇಂಥದೇ ಯಂತ್ರಗಳನ್ನು ಮಾಡಿದ ಫ್ರಾನ್ಸಿನ ಜೋಸೆಫ್ ಫಾರ್ಕೋ 1873ರಲ್ಲಿ ಪುಸ್ತಕ ಬರೆದು ಅವಕ್ಕೆ 'ಸರ್ವೋ-ಮೋಟಾರ್' ಎಂದು ಹೆಸರಿಟ್ಟ. ಸರ್ವಸ್ ಎಂದರೆ ಲ್ಯಾಟಿನ್ನಿನಲ್ಲಿ ಗುಲಾಮ. ಗವರ್ನರ್ ಮತ್ತು ಗುಲಾಮ, ಎರಡೂ ಪದಗಳು ಯಂತ್ರಶಾಸ್ತ್ರಕ್ಕೆ ಬಂದು ಸೇರಿಕೊಂಡವು. ಆದರೂ ಈ ಹಂತದಲ್ಲಿ ದಿಕ್ಕು ನೋಡಿ ಚಕ್ರ ತಿರುಗಿಸುವವನು ಮನುಷ್ಯನೇ. ಯಂತ್ರಕ್ಕೆ ತೋಳಿತ್ತು, ಕಣ್ಣಿರಲಿಲ್ಲ.

ಕಣ್ಣು ಬಂದದ್ದು ಗೈರೋಸ್ಕೋಪಿನಿಂದ. ಕಬ್ಬಿಣದ ಹಡಗಿನೊಳಗೆ ಕಾಂತದ ದಿಕ್ಸೂಚಿ ತಪ್ಪು ಹೇಳುತ್ತದೆ. ವೇಗವಾಗಿ ತಿರುಗುವ ಭಾರವಾದ ಚಕ್ರ, ಭೂಮಿಯ ಸುತ್ತುವಿಕೆಯ ನೆರವಿನಿಂದ ನಿಜವಾದ ಉತ್ತರವನ್ನೇ ಹಿಡಿದು ನಿಲ್ಲುವಂತೆ ಮಾಡಬಹುದು. ಜರ್ಮನಿಯಲ್ಲಿ ಹರ್ಮನ್ ಆನ್ಷುಟ್ಸ್-ಕೆಂಪ್ಫೆ, ಅಮೆರಿಕದಲ್ಲಿ ಎಲ್ಮರ್ ಸ್ಪೆರಿ ಇದನ್ನು ಸಾಧಿಸಿದರು. ಇಬ್ಬರ ನಡುವೆ ಪೇಟೆಂಟ್ ಮೊಕದ್ದಮೆ ನಡೆದಾಗ ನ್ಯಾಯಾಲಯ ತಜ್ಞನ ಅಭಿಪ್ರಾಯ ಕೇಳಿದ್ದು ಆಲ್ಬರ್ಟ್ ಐನ್‌ಸ್ಟೈನನನ್ನು. ದಿಕ್ಕು ಹೇಳುವ ಗೈರೋ ಮತ್ತು ಚುಕ್ಕಾಣಿ ತಿರುಗಿಸುವ ಮೋಟಾರು ಇವೆರಡನ್ನೂ ತಂತಿಯಿಂದ ಜೋಡಿಸುವುದಷ್ಟೇ ಉಳಿದಿತ್ತು. 1920ರ ದಶಕದ ಆರಂಭದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ 'ಜೆ.ಎ. ಮೊಫೆಟ್' ಎಂಬ ತೈಲ ಹಡಗು ಸ್ಪೆರಿಯ ಗೈರೋಪೈಲಟ್ ಹೊತ್ತು ಸಾಗಿತು. ನಾವಿಕರು ಅದಕ್ಕೆ 'ಮೆಟಲ್ ಮೈಕ್' ಎಂದು ಅಡ್ಡಹೆಸರಿಟ್ಟರು. ಸ್ಲೋಕಮ್‌ನ ಹಾಗೆ ಇವರೂ ಅಲ್ಲೊಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡರು.

*

ಈ ಕತೆಯಲ್ಲಿ ನನಗೆ ಹೆಚ್ಚು ಹತ್ತಿರವಾದವನು ಸ್ಪೆರಿಯಲ್ಲ, ನಿಕೊಲಾಸ್ ಮಿನೋರ್ಸ್ಕಿ. ರಷ್ಯಾದಲ್ಲಿ 1885ರಲ್ಲಿ ಹುಟ್ಟಿ, ಅಲ್ಲಿನ ನೌಕಾಪಡೆಯಲ್ಲಿ ಓದಿ ದುಡಿದು, ಕ್ರಾಂತಿಯ ನಂತರ ಅಮೆರಿಕಕ್ಕೆ ವಲಸೆ ಬಂದವನು. 1922ರಲ್ಲಿ ಹಡಗಿನ ಸ್ವಯಂಚಾಲಿತ ಚುಕ್ಕಾಣಿಯ ಬಗ್ಗೆ ಪ್ರಬಂಧ ಪ್ರಕಟಿಸಿದ. ಅವನ ದಾರಿ ಸರಳ. ಒಳ್ಳೆಯ ಚುಕ್ಕಾಣಿಗಾರ ಏನು ಮಾಡುತ್ತಾನೆ ಎಂದು ಗಮನಿಸಿ, ಅದನ್ನು ಗಣಿತದಲ್ಲಿ ಬರೆಯುವುದು.

ಹೊಸಬ ಚಕ್ರ ಹಿಡಿದರೆ ಏನಾಗುತ್ತದೆ? ಹಡಗು ಎಡಕ್ಕೆ ಸರಿದದ್ದು ಕಂಡ ಕೂಡಲೇ ಬಲಕ್ಕೆ ತಿರುಗಿಸುತ್ತಾನೆ. ಸರಿಯಾದ ದಿಕ್ಕಿಗೆ ಬಂದ ಮೇಲೆ ಬಿಡುತ್ತಾನೆ. ಆದರೆ ಸಾವಿರಾರು ಟನ್ನಿನ ಹಡಗು ಅಲ್ಲಿಗೆ ನಿಲ್ಲುವುದಿಲ್ಲ, ಬಲಕ್ಕೆ ದಾಟಿ ಹೋಗುತ್ತದೆ. ಮತ್ತೆ ಎಡ, ಮತ್ತೆ ಬಲ. ಹಿಂದೆ ನೀರಿನ ಮೇಲೆ ಹಾವು ಹರಿದಂಥ ಗೆರೆ. ಪಳಗಿದವನು ಹಾಗೆ ಮಾಡುವುದಿಲ್ಲ. ಮೂತಿ ಎಷ್ಟು ಬೇಗ ತಿರುಗುತ್ತಿದೆ ಎಂಬುದನ್ನು ನೋಡಿ, ದಿಕ್ಕಿಗೆ ಬರುವ ಮೊದಲೇ ಚಕ್ರವನ್ನು ಸಡಿಲಿಸಿ, ಸ್ವಲ್ಪ ಎದುರು ಕಡೆಗೂ ಕೊಟ್ಟು ತಡೆಯುತ್ತಾನೆ. ಒಂದೇ ಕಡೆಯಿಂದ ಗಾಳಿ ಬೀಸುತ್ತಿದ್ದರೆ ಚಕ್ರವನ್ನು ಅದರ ಎದುರಿಗೆ ತುಸು ಓರೆಯಾಗಿಯೇ ಹಿಡಿದುಕೊಂಡಿರುತ್ತಾನೆ.

ಮಿನೋರ್ಸ್ಕಿ ಇದನ್ನು ಮೂರು ಪ್ರಶ್ನೆಗಳಾಗಿ ಬಿಡಿಸಿದ ಎನ್ನಬಹುದು. ಈಗ ಎಷ್ಟು ತಪ್ಪಿದೆ? ತಪ್ಪು ಎಷ್ಟು ಬೇಗ ಬೆಳೆಯುತ್ತಿದೆ? ಎಷ್ಟು ಹೊತ್ತಿನಿಂದ ತಪ್ಪು ಹಾಗೆಯೇ ಉಳಿದುಕೊಂಡಿದೆ? ಮೂರರ ಉತ್ತರವನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ ಚುಕ್ಕಾಣಿ ಎಷ್ಟು ತಿರುಗಬೇಕೆಂದು ಸಿಗುತ್ತದೆ. ಇಂದು ಎಂಜಿನಿಯರಿಂಗ್ ಓದುವ ಪ್ರತಿಯೊಬ್ಬರೂ ಪಿ.ಐ.ಡಿ. ಎಂಬ ಹೆಸರಿನಲ್ಲಿ ಕಲಿಯುವ ಸೂತ್ರವಿದು. ಕಾರ್ಖಾನೆಯ ಕುಲುಮೆ, ಡ್ರೋನು, ಕಾರಿನ ಕ್ರೂಸ್ ಕಂಟ್ರೋಲ್ ಎಲ್ಲದರಲ್ಲೂ ಇದು ಇದೆ.

ಸೂತ್ರದ ಪರೀಕ್ಷೆ ನಡೆದದ್ದು ಅಮೆರಿಕದ 'ನ್ಯೂ ಮೆಕ್ಸಿಕೊ' ಎಂಬ ಯುದ್ಧನೌಕೆಯ ಮೇಲೆ. ಎರಡು ಪ್ರಶ್ನೆಗಳಿಗಷ್ಟೇ ಉತ್ತರಿಸುವಂತೆ ಮಾಡಿದಾಗ ಹಡಗಿನ ಮೂತಿ ಎರಡು ಡಿಗ್ರಿಯಷ್ಟು ಆಚೀಚೆ ಓಲಾಡಿತು. ತಪ್ಪು ಬೆಳೆಯುವ ವೇಗವನ್ನೂ ಲೆಕ್ಕಕ್ಕೆ ಸೇರಿಸಿದಾಗ ಓಲಾಟ ಡಿಗ್ರಿಯ ಆರನೆಯ ಒಂದು ಭಾಗಕ್ಕೆ ಇಳಿಯಿತು. ಬಹುತೇಕ ಚುಕ್ಕಾಣಿಗಾರರ ಕೈಯಲ್ಲಿ ಆಗದ ನಿಖರತೆ ಇದು. ಆದರೂ ನೌಕಾಪಡೆ ಅದನ್ನು ಕೈಬಿಟ್ಟಿತು. ಕಾರಣ ತಾಂತ್ರಿಕವಲ್ಲ, ಹಡಗಿನ ಸಿಬ್ಬಂದಿ ಒಪ್ಪಲಿಲ್ಲ.

ತಂತ್ರಜ್ಞಾನದ ಇತಿಹಾಸಗಳಲ್ಲಿ ಈ ಸಂಗತಿ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ, ಸಾಮಾನ್ಯವಾಗಿ ನಾವಿಕರ ಹಟಮಾರಿತನದ ಉದಾಹರಣೆಯಾಗಿ. ದುಡಿಮೆಯ ಇತಿಹಾಸ ಓದುವ ನನಗೆ ಆ ವಾಕ್ಯದ ಬಳಿ ನಿಲ್ಲಬೇಕೆನಿಸುತ್ತದೆ. ಅವರ ಕೈಚಳಕವನ್ನೇ ಗಮನಿಸಿ ಮಾಡಿದ ಯಂತ್ರವದು. ಅವರಿಂದ ಕಲಿತದ್ದನ್ನು ಅವರಿಗಿಂತ ಚೆನ್ನಾಗಿ ಮಾಡಿ ತೋರಿಸಿತು. ಬೇಡ ಎಂದವರ ಮಾತುಗಳನ್ನು ಯಾರಾದರೂ ಬರೆದಿಟ್ಟಿದ್ದರೆ ಅದರಲ್ಲಿ ಕೆಲಸ ಹೋಗುವ ಭಯ ಎಷ್ಟಿತ್ತು, ಕಡಲಿನ ಅನುಭವ ಎಷ್ಟಿತ್ತು ಎಂದು ಬೇರ್ಪಡಿಸಿ ನೋಡಬಹುದಿತ್ತು. ಎರಡೂ ಇದ್ದಿರಬೇಕು. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಸುಳ್ಳಾಗುವುದಿಲ್ಲ.

*

ಸಣ್ಣ ದೋಣಿಗಳಿಗೆ ಗೈರೋ, ಮೋಟಾರುಗಳ ಭಾರ ಹೊರಲು ಆಗುತ್ತಿರಲಿಲ್ಲ, ವಿದ್ಯುತ್ತೂ ಇರಲಿಲ್ಲ. ಅಲ್ಲಿ ನೆರವಿಗೆ ಬಂದದ್ದು ಗಾಳಿಯೇ. ಎರಡನೆಯ ಮಹಾಯುದ್ಧದಲ್ಲಿ ಕಯಾಕ್ ದೋಣಿಗಳ ದಾಳಿ ನಡೆಸಿ ಹೆಸರಾಗಿದ್ದ ಬ್ರಿಟಿಷ್ ಅಧಿಕಾರಿ 'ಬ್ಲಾಂಡಿ' ಹಾಸ್ಲರ್ 1960ರಲ್ಲಿ ಅಟ್ಲಾಂಟಿಕ್ ದಾಟುವ ಒಂಟಿ ನಾವಿಕರ ಸ್ಪರ್ಧೆ ಏರ್ಪಡಿಸಿದ. ಹೊರಟವರು ಐದೇ ಜನ, ಐದೂ ಜನ ತಲುಪಿದರು. ಫ್ರಾನ್ಸಿಸ್ ಚಿಚೆಸ್ಟರ್ 40 ದಿನಗಳಲ್ಲಿ ನ್ಯೂಯಾರ್ಕ್ ಮುಟ್ಟಿ ಗೆದ್ದ. ಹಾಸ್ಲರ್ 48 ದಿನಗಳಲ್ಲಿ ಎರಡನೆಯವನಾದ. ಚಿಚೆಸ್ಟರ್ ತನ್ನ ದೋಣಿಯ ಹಿಂದೆ ನಿಲ್ಲಿಸಿದ್ದ ಗಾಳಿ-ಚುಕ್ಕಾಣಿಗೆ 'ಮಿರಾಂಡಾ' ಎಂದು ಹೆಸರಿಟ್ಟಿದ್ದ. ಮತ್ತೊಬ್ಬ ಕಾಣದ ಜೊತೆಗಾರ!

ಹಾಸ್ಲರ್ ರೂಪಿಸಿದ ಗಾಳಿ-ಚುಕ್ಕಾಣಿಯ ಕ್ರಮ ಹೀಗೆ. ದೋಣಿಯ ಹಿಂಬದಿಯಲ್ಲಿ ತೆಳುವಾದ ಹಲಗೆಯೊಂದು ಗಾಳಿಗೆ ನೇರವಾಗಿ ನಿಂತಿರುತ್ತದೆ. ದೋಣಿ ದಿಕ್ಕು ಬದಲಿಸಿದರೆ ಗಾಳಿ ಹಲಗೆಯ ಪಕ್ಕಕ್ಕೆ ಬಡಿದು ಅದನ್ನು ತಿರುಗಿಸುತ್ತದೆ. ಅಷ್ಟು ಬಲದಿಂದ ಚುಕ್ಕಾಣಿ ಅಲುಗುವುದಿಲ್ಲ. ಆದ್ದರಿಂದ ಅದು ನೀರಿನಲ್ಲಿ ನೇತಾಡುವ ಇನ್ನೊಂದು ಸಣ್ಣ ಹಲಗೆಯನ್ನು ತುಸು ತಿರುಚುತ್ತದೆ, ಅಷ್ಟೇ. ದೋಣಿ ಸಾಗುವ ವೇಗಕ್ಕೆ ಹರಿಯುವ ನೀರು ಆ ಓರೆಯಾದ ಹಲಗೆಯನ್ನು ರಭಸದಿಂದ ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೆ ಕಟ್ಟಿದ ಹಗ್ಗಗಳು ಚುಕ್ಕಾಣಿಯ ಹಿಡಿಯನ್ನು ಎಳೆಯುತ್ತವೆ. ಗಾಳಿ ಆಜ್ಞೆ ಕೊಡುತ್ತದೆ, ನೀರು ದುಡಿಯುತ್ತದೆ. ಒಂದು ಹನಿ ಎಣ್ಣೆ, ಒಂದು ವೋಲ್ಟ್ ವಿದ್ಯುತ್ ಬೇಡ.

ಇಲ್ಲಿಂದ ಮುಂದೆ ಕತೆ ನಮ್ಮ ತೀರಕ್ಕೂ ಬರುತ್ತದೆ. 1968ರಲ್ಲಿ ಎಲ್ಲಿಯೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತುವ ಮೊದಲ ಸ್ಪರ್ಧೆ ನಡೆದಾಗ ಹೊರಟ ಒಂಬತ್ತು ಜನರಲ್ಲಿ ಗುರಿ ಮುಟ್ಟಿದವನು ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬನೇ. ಅವನ 32 ಅಡಿಯ 'ಸುಹೈಲಿ' ಮುಂಬಯಿಯಲ್ಲಿ, ತೇಗದ ಮರದಲ್ಲಿ, ಅಲ್ಲಿನ ಬಡಗಿಗಳು ಬಾಚಿ ಹಿಡಿದು ಕಟ್ಟಿದ ದೋಣಿ. ದಾರಿಯಲ್ಲಿ ಅದರ ಗಾಳಿ-ಚುಕ್ಕಾಣಿ ಮುರಿದುಹೋಯಿತು. ಮುಂದೆ ಅವನು ಹಾಯಿಗಳನ್ನೇ ಹೊಂದಿಸಿ, ಸ್ಲೋಕಮ್‌ನ ಹಳೆಯ ವಿದ್ಯೆಯಿಂದ ದೋಣಿಯನ್ನು ಸಾಗಿಸಿ 312 ದಿನಗಳ ನಂತರ ಇಂಗ್ಲೆಂಡ್ ಮುಟ್ಟಿದ. ಬಡಗಿಗಳು ಕಟ್ಟಿದ ಒಡಲಿನ ಸಮತೂಕ ಅವನ ಕೈ ಹಿಡಿಯಿತು. ಅವರ ಹೆಸರುಗಳು ದಾಖಲೆ ಪುಸ್ತಕಗಳಲ್ಲಿ ಇಲ್ಲ.

ಐವತ್ತು ವರ್ಷಗಳ ನಂತರ, 2018ರಲ್ಲಿ, ಅದೇ ಸ್ಪರ್ಧೆಯನ್ನು ಹಳೆಯ ಸಲಕರಣೆಗಳಿಂದಲೇ ಮರಳಿ ನಡೆಸಿದರು. ಜಿ.ಪಿ.ಎಸ್. ನೋಡುವಂತಿಲ್ಲ, ವಿದ್ಯುತ್ ಆಟೋಪೈಲಟ್ ಇಲ್ಲ. ಗಾಳಿ-ಚುಕ್ಕಾಣಿ ಮಾತ್ರ. ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ ಗೋವಾದಲ್ಲಿ ಕಟ್ಟಿದ 'ಸುಹೈಲಿ'ಯ ಪ್ರತಿರೂಪ 'ತುರಿಯಾ'ದಲ್ಲಿ ಹೊರಟರು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಹಾಯಿಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ, ಮೂರು ದಿನಗಳ ನಂತರ ಫ್ರೆಂಚ್ ಹಡಗೊಂದು ಅವರನ್ನು ರಕ್ಷಿಸಿತು. 2022ರ ಸ್ಪರ್ಧೆಗೆ ಮತ್ತೆ ಹೋಗಿ ಎರಡನೆಯ ಸ್ಥಾನ ಪಡೆದರು. ಅದಕ್ಕೂ ಮೊದಲು, 2012-13ರಲ್ಲಿ, ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯರಾಗಿದ್ದರು. ಆ ದೋಣಿಯ ಹೆಸರು 'ಮ್ಹಾದೆಯಿ'. ನಮ್ಮ ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟಿ ಗೋವಾದಲ್ಲಿ ಮಾಂಡೋವಿಯಾಗುವ ಮಹದಾಯಿಯ ಹೆಸರು. ನಾವು ನೀರಿನ ಹಂಚಿಕೆಯ ಸುದ್ದಿಯಲ್ಲಿ ಮಾತ್ರ ಕೇಳುವ ನದಿಯ ಹೆಸರು ಹೊತ್ತ ದೋಣಿ ಭೂಮಿಯನ್ನು ಸುತ್ತಿ ಬಂದಿದೆ.

*

1970ರ ದಶಕದಲ್ಲಿ ಇಲೆಕ್ಟ್ರಾನಿಕ್ಸ್ ಅಗ್ಗವಾದ ಮೇಲೆ ಸಣ್ಣ ದೋಣಿಗಳಿಗೂ ವಿದ್ಯುತ್ ಆಟೋಪೈಲಟ್ ಬಂತು. ಮಲ್ಪೆಯ ಬೋಟಿಗೆ ಬರಬಹುದಾದದ್ದೂ ಇದೇ ಜಾತಿಯದು. ಅದರಲ್ಲಿ ಮುಖ್ಯ ಭಾಗಗಳು ನಾಲ್ಕು. ದಿಕ್ಕು ಹೇಳುವ ಇಲೆಕ್ಟ್ರಾನಿಕ್ ದಿಕ್ಸೂಚಿ, ಲೆಕ್ಕ ಹಾಕುವ ಡಬ್ಬಿ, ಚುಕ್ಕಾಣಿಯನ್ನು ತಿರುಗಿಸುವ ಮೋಟಾರು ಅಥವಾ ಹೈಡ್ರಾಲಿಕ್ ಪಂಪು, ಚುಕ್ಕಾಣಿ ಎಷ್ಟು ತಿರುಗಿದೆ ಎಂದು ವರದಿ ಮಾಡುವ ಸೆನ್ಸಾರು. ಕೊನೆಯದು ಮ್ಯಾಕ್‌ಫರ್ಲೇನ್ ಗ್ರೇಯ ಪ್ರಶ್ನೆಯನ್ನೇ ಕೇಳುತ್ತದೆ: ಹೇಳಿದ್ದು ಆಯಿತೇ?

ಅಳವಡಿಸುವುದರಲ್ಲಿ ಕಷ್ಟದ್ದು ದಿಕ್ಸೂಚಿಗೆ ಜಾಗ ಹುಡುಕುವುದು. ಎಂಜಿನ್, ಸ್ಪೀಕರ್, ದಪ್ಪ ವಿದ್ಯುತ್ ತಂತಿ, ಕಬ್ಬಿಣ ಯಾವುದೂ ಹತ್ತಿರ ಇರಬಾರದು. ಓಲಾಟ ಕಡಿಮೆ ಇರುವ, ದೋಣಿಯ ನಡುಭಾಗದ ತಗ್ಗಿನ ಜಾಗ ಒಳ್ಳೆಯದು. ಎಲ್ಲ ಸರಿಯಾಗಿ ಕೂರಿಸಿದ ಮೇಲೆ ಯಾರೋ ಸ್ಪಾನರ್ ಪೆಟ್ಟಿಗೆಯನ್ನು ಅದರ ಪಕ್ಕದಲ್ಲಿ ಇಟ್ಟರೂ ಸಾಕು, ದೋಣಿ ಬೇರೆ ದಾರಿ ಹಿಡಿಯುತ್ತದೆ. ಪರದೆ ಮಾತ್ರ ದಿಕ್ಕು ಸರಿಯಾಗಿದೆ ಎಂದೇ ತೋರಿಸುತ್ತಿರುತ್ತದೆ. ಜೋಡಿಸಿದ ನಂತರ ಶಾಂತ ನೀರಿನಲ್ಲಿ ದೋಣಿಯನ್ನು ನಿಧಾನವಾಗಿ ಸುತ್ತು ಹೊಡೆಸಬೇಕು. ದೋಣಿಯೊಳಗಿನ ಲೋಹ ಯಾವ ದಿಕ್ಕಿನಲ್ಲಿ ಎಷ್ಟು ತಪ್ಪು ಹೇಳಿಸುತ್ತದೆ ಎಂದು ಯಂತ್ರ ಆಗ ಕಲಿತುಕೊಳ್ಳುತ್ತದೆ.

ಆಮೇಲೆ ಹೊಂದಿಸುವ ಕೆಲಸ. ಕೈಪಿಡಿಗಳಲ್ಲಿ ಹೆಸರುಗಳು ಬೇರೆ ಬೇರೆ. ಆದರೆ ತಪ್ಪಿಗೆ ಎಷ್ಟು ಚುಕ್ಕಾಣಿ ಕೊಡಬೇಕು, ತಿರುಗುವ ವೇಗ ನೋಡಿ ಎಷ್ಟು ಎದುರು ಕೊಡಬೇಕು, ನಿರಂತರ ಗಾಳಿಗೆ ಎಷ್ಟು ಓರೆ ಹಿಡಿಯಬೇಕು ಎಂಬ ಮೂರು ಸೆಟ್ಟಿಂಗುಗಳು ಇದ್ದೇ ಇರುತ್ತವೆ. ಮಿನೋರ್ಸ್ಕಿಯ ಮೂರು ಪ್ರಶ್ನೆಗಳು. ಹೊಂದಾಣಿಕೆ ತಪ್ಪಿದರೆ ಯಂತ್ರವೂ ಹೊಸಬನ ಹಾಗೆ ಹಾವು ಹರಿದಂತೆ ಓಡಿಸಿ ಬ್ಯಾಟರಿ ಮುಗಿಸುತ್ತದೆ. ಅದು ಸರಿಯಾಗಿ ಓಡುತ್ತಿದೆಯೇ ಎಂದು ಹೇಳಬಲ್ಲವನು ತಾನೇ ಚುಕ್ಕಾಣಿ ಹಿಡಿದು ಗೊತ್ತಿರುವವನು.

*

ಇಷ್ಟು ಓದಿದ ಮೇಲೆ ನನಗೆ ಹೊಳೆದದ್ದು ಒಂದು ಸರಳ ವಿಷಯ. ಇವುಗಳಲ್ಲಿ ಪ್ರತಿಯೊಂದೂ ಯಾವುದೋ ಒಂದನ್ನು ಹಿಡಿದುಕೊಂಡಿರುತ್ತದೆ. ಗಾಳಿ-ಚುಕ್ಕಾಣಿ ಗಾಳಿಯನ್ನು ಹಿಡಿದಿರುತ್ತದೆ, ಗಾಳಿ ತಿರುಗಿದರೆ ದೋಣಿಯೂ ತಿರುಗುತ್ತದೆ. ದಿಕ್ಸೂಚಿಯ ಆಟೋಪೈಲಟ್ ದಿಕ್ಕನ್ನು ಹಿಡಿದಿರುತ್ತದೆ, ನೀರಿನ ಸೆಳೆತ ಪಕ್ಕಕ್ಕೆ ಒಯ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಜಿ.ಪಿ.ಎಸ್. ಜೋಡಿಸಿದ ಆಟೋಪೈಲಟ್ ನಕ್ಷೆಯ ಮೇಲಿನ ಗೆರೆಯನ್ನು ಹಿಡಿದಿರುತ್ತದೆ. ಹಿಡಿದದ್ದನ್ನು ಇವು ನಮಗಿಂತ ನಿಷ್ಠೆಯಿಂದ ಹಿಡಿಯುತ್ತವೆ. ಎದುರಿಗೆ ಏನಿದೆ ಎಂಬುದು ಅವುಗಳ ಕೆಲಸವಲ್ಲ.

1967ರ ಮಾರ್ಚ್ 18ರಂದು 'ಟೊರಿ ಕ್ಯಾನ್ಯನ್' ಎಂಬ ತೈಲ ಹಡಗು ಇಂಗ್ಲೆಂಡಿನ ನೈರುತ್ಯ ತುದಿಯ ಬಳಿ ಸೆವೆನ್ ಸ್ಟೋನ್ಸ್ ಬಂಡೆಗೆ ಅಪ್ಪಳಿಸಿತು. ಸುಮಾರು 1,20,000 ಟನ್ ಕಚ್ಚಾ ತೈಲವಿತ್ತು. ಹೊತ್ತು ಉಳಿಸಲು ಇಕ್ಕಟ್ಟಿನ ದಾರಿ ಹಿಡಿದದ್ದು ಕಪ್ತಾನನ ತಪ್ಪು. ಆದರೆ ಕೊನೆಯ ನಿಮಿಷಗಳಲ್ಲಿ ಚಕ್ರ ತಿರುಗಿಸಿದರೂ ಹಡಗು ತಿರುಗಲಿಲ್ಲ. ಚುಕ್ಕಾಣಿ ಈಗ ಯಾರ ಕೈಯಲ್ಲಿದೆ, ಮನುಷ್ಯನದೋ ಯಂತ್ರದ್ದೋ ಎಂಬುದೇ ಗೊಂದಲವಾಗಿತ್ತು.

1995ರ 'ರಾಯಲ್ ಮೆಜೆಸ್ಟಿ'ಯ ಪ್ರಕರಣದಲ್ಲಿ ಗೊಂದಲವೂ ಇರಲಿಲ್ಲ. ಬರ್ಮುಡಾದಿಂದ ಬಾಸ್ಟನ್ನಿಗೆ ಹೊರಟ ಈ ಪ್ರವಾಸಿ ಹಡಗಿನಲ್ಲಿ 1,509 ಜನರಿದ್ದರು. ಹೊರಟ ಸ್ವಲ್ಪ ಹೊತ್ತಿಗೆ ಜಿ.ಪಿ.ಎಸ್. ಆಂಟೆನಾದ ತಂತಿ ಕಳಚಿತು. ಉಪಗ್ರಹ ಕಾಣದಾದಾಗ ಉಪಕರಣ ಕೊನೆಯ ಸ್ಥಾನ, ದಿಕ್ಕು, ವೇಗಗಳಿಂದ ಅಂದಾಜು ಲೆಕ್ಕ ಹಾಕತೊಡಗಿತು. ಅಂದಾಜು ಎಂದು ಹೇಳುವ ಪುಟ್ಟ ಅಕ್ಷರಗಳು ಪರದೆಯ ಮೂಲೆಯಲ್ಲಿದ್ದವು. ಆಟೋಪೈಲಟ್ ಆ ಅಂದಾಜನ್ನೇ ನಿಜವೆಂದು ನಂಬಿ ಗೆರೆಯ ಮೇಲೆ ಸಾಗಿತು. ಗಾಳಿ, ಸೆಳೆತಗಳು ಹಡಗನ್ನು ಪಕ್ಕಕ್ಕೆ ಒಯ್ಯುತ್ತಿದ್ದವು. ಸುಮಾರು 34 ಗಂಟೆಗಳ ಕಾಲ ಅಧಿಕಾರಿಗಳು ಪಾಳಿ ಬದಲಿಸುತ್ತ, ನಕ್ಷೆಯ ಮೇಲೆ ಸ್ಥಾನ ಗುರುತಿಸುತ್ತ ಬಂದರು. ಗುರುತಿಸಿದ್ದೆಲ್ಲ ಅದೇ ತಪ್ಪು ಅಂಕಿಗಳನ್ನು. ಕಾಣಬೇಕಿದ್ದ ಬೋಯಾ ಕಾಣಲಿಲ್ಲ. ರಾಡಾರಿನಲ್ಲಿ ಕಂಡ ಇನ್ನೊಂದನ್ನು ಅದೇ ಎಂದು ತಿಳಿದರು. ಹೊರಗೆ ನೋಡಲು ನಿಂತಿದ್ದ ನಾವಿಕರು ಮುಂದೆ ನೀರು ನೀಲಿ-ಬಿಳಿಯಾಗಿ ಕಾಣುತ್ತಿದೆ ಎಂದು ಹೇಳಿದರು. ಆಳವಿಲ್ಲದ ನೀರಿನ ಲಕ್ಷಣ ಅದು. ಅಧಿಕಾರಿ ಕೇಳಿಸಿಕೊಂಡ, ಏನೂ ಮಾಡಲಿಲ್ಲ. ಜೂನ್ 10ರ ರಾತ್ರಿ, ಇರಬೇಕಾದ ಜಾಗಕ್ಕಿಂತ 17 ಮೈಲಿ ದೂರದಲ್ಲಿ, ನಾಂಟಕೆಟ್ ದ್ವೀಪದ ಬಳಿಯ ಮರಳದಿಬ್ಬಕ್ಕೆ ಹಡಗು ಏರಿತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ.

ಯಂತ್ರ ತನ್ನ ಕೆಲಸ ಮಾಡಿತ್ತು. ಹೊರಗೆ ನೋಡಿದವರ ಕಣ್ಣೂ ಕೆಲಸ ಮಾಡಿತ್ತು. ಎರಡರಲ್ಲಿ ಯಾವುದನ್ನು ನಂಬಬೇಕು ಎಂಬಲ್ಲಿ ತಪ್ಪಾಯಿತು.

ಚುಕ್ಕಾಣಿ ಹಿಡಿದ ಮನುಷ್ಯ ಹಿಂದೆ ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿದ್ದ. ದಿಕ್ಕು ಹಿಡಿಯುವುದು ಒಂದು, ಕಾಯುವುದು ಇನ್ನೊಂದು. ಚಕ್ರ ಹಿಡಿದ ಕೈ ಅವನನ್ನು ಎಚ್ಚರವಾಗಿಟ್ಟಿರುತ್ತಿತ್ತು. ಆಟೋಪೈಲಟ್ ಮೊದಲನೆಯದನ್ನು ಬಿಡಿಸಿ ಒಯ್ದಿತು. ಎರಡನೆಯದನ್ನು ಬರಿಗೈಯಲ್ಲಿ ಮಾಡುವುದು ಮೊದಲಿಗಿಂತ ಕಷ್ಟವಾಯಿತು. ಅಂತರರಾಷ್ಟ್ರೀಯ ನಿಯಮಗಳು ಇದನ್ನು ಒಪ್ಪುತ್ತವೆ. ಕಣ್ಣು ಕಿವಿಗಳಿಂದ ಸದಾ ಕಾವಲಿರಬೇಕು, ಹಡಗುಗಳ ದಟ್ಟಣೆ ಇರುವಲ್ಲಿ ಚುಕ್ಕಾಣಿಯನ್ನು ತಕ್ಷಣ ಮನುಷ್ಯನ ಕೈಗೆ ತೆಗೆದುಕೊಳ್ಳುವಂತಿರಬೇಕು ಎನ್ನುತ್ತವೆ. 2011ರಿಂದ ಹೊಸ ದೊಡ್ಡ ಹಡಗುಗಳಲ್ಲಿ ಇನ್ನೊಂದು ಯಂತ್ರ ಕಡ್ಡಾಯವಾಗಿದೆ. ಮೂರರಿಂದ ಹನ್ನೆರಡು ನಿಮಿಷಗಳ ಗಡುವಿನೊಳಗೆ ಕಾವಲಿನ ಅಧಿಕಾರಿ ಗುಂಡಿ ಒತ್ತದಿದ್ದರೆ ಅದು ಗಂಟೆ ಬಾರಿಸುತ್ತದೆ. ಚುಕ್ಕಾಣಿಯನ್ನು ಯಂತ್ರ ಹಿಡಿದಿದೆ, ಯಂತ್ರವನ್ನು ಮನುಷ್ಯ ಕಾಯುತ್ತಿದ್ದಾನೆ, ಮನುಷ್ಯನನ್ನು ಇನ್ನೊಂದು ಯಂತ್ರ ಕಾಯುತ್ತಿದೆ.

*

ಡಿಸೆಂಬರಿನಲ್ಲಿ ಮತ್ತೆ ಮಲ್ಪೆಗೆ ಹೋದೆ. ತಾಂಡೇಲರು ಹತ್ತು ದಿನದ ಮೀನುಗಾರಿಕೆ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದರು. ಆಟೋಪೈಲಟ್ ಇನ್ನೂ ಹಾಕಿಸಿರಲಿಲ್ಲ. ನಾನು ಓದಿದ್ದನ್ನು ಸಾಧ್ಯವಾದಷ್ಟು ಸರಳವಾಗಿ ಹೇಳಿದೆ. ಅಮೆರಿಕದ ಪ್ರವಾಸಿ ಹಡಗಿನ ಕತೆಯನ್ನು ಆಸಕ್ತಿಯಿಂದ ಕೇಳಿದರು. ನೀಲಿ-ಬಿಳಿ ನೀರಿನ ವಿಷಯ ಬಂದಾಗ ಮಾತ್ರ ನಾಲಗೆಯಿಂದ ಲೊಚ್ ಎಂದು ಸದ್ದು ಮಾಡಿದರು.

"ಕೈಗೆ ಸ್ವಲ್ಪ ಆರಾಮ ಆದ್ರೆ ಒಳ್ಳೆದೇ. ನನಗೂ ವಯಸ್ಸಾಯ್ತಲ್ಲ," ಎಂದರು. "ಅಳಿವೆಬಾಗಿಲು ಹತ್ತಿರ ಬರುವಾಗ ಬಂದ್ ಮಾಡಿದ್ರಾಯ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆದ್ರೆ ಒಂದು. ಈಗ ಚುಕ್ಕಾಣಿಗೆ ಅಂತ ಒಬ್ಬ, ಅವನ ಜೊತೆಗೆ ಇನ್ನೊಬ್ಬ ಎದ್ದಿರ್ತಾರೆ. ಇದು ಬಂದ ಮೇಲೆ ಧಣಿಗಳು ಒಂದು ಜನ ಕಡಿಮೆ ಮಾಡ್ತಾರಾ?"

ಸ್ಪೆರಿ, ಮಿನೋರ್ಸ್ಕಿ, ಹಾಸ್ಲರ್ ಎಲ್ಲರನ್ನೂ ಓದಿ ಬಂದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಆದರೆ 'ನ್ಯೂ ಮೆಕ್ಸಿಕೊ'ದ ನಾವಿಕರು ಕೇಳಿದ್ದು ಇದನ್ನೇ ಇರಬಹುದು. ಯಂತ್ರ ಬರಲಿ, ಕೈ ಬಿಡುವಾಗಲಿ. ಬಿಡುವಾದ ಕೈಯ ಮನುಷ್ಯನನ್ನು ಬೋಟಿನಲ್ಲೇ ಉಳಿಸಿಕೊಂಡರೆ ಒಂದು ಜೊತೆ ಕಣ್ಣು ಹೆಚ್ಚಾಗುತ್ತದೆ. ಇಳಿಸಿಬಿಟ್ಟರೆ ಇದ್ದ ಕಣ್ಣೂ ಹೋಗುತ್ತದೆ. ಅದನ್ನು ತೀರ್ಮಾನಿಸುವವರು ದಡದಲ್ಲಿದ್ದಾರೆ. ನನ್ನ ಪುಸ್ತಕದಲ್ಲಿ ಅವರ ಪ್ರಶ್ನೆಯನ್ನು ಬರೆದುಕೊಂಡೆ, ತಾರೀಕಿನ ಸಮೇತ.